ನಂಜಿನ ಸೂಜಿ

ನಮ್ಮ ಹೆರಿಗೆ ಆಸ್ಪತ್ರೆಗೆ ನಲವತ್ತು ವರ್ಷ ತುಂಬುತ್ತದೆ, ಒಂದು ಸ್ಮರಣ ಸಂಚಿಕೆ ತರುತ್ತೇವೆ, ಅದಕ್ಕೆ ಟೇಪಕ್ಕನ ಬಗ್ಗೆ ನೀವೇ ಬರೆದುಕೊಡಿ ಎಂದು ಡಾಕ್ಟರಮ್ಮ ನನಗೆ ಹೇಳಿದರು. ನಾನು ಇಲ್ಲಿ ಇಪ್ಪತ್ತೈದು ವರ್ಷದಿಂದ ಸೂಜಿ ಹಾಕುತ್ತಿದ್ದೇನೆ. ನನ್ನ ಬಗ್ಗೆ ಎರಡು ಸಾಲು ಬರೆಯಿರಿ ಎಂದು ಯಾರಿಗೂ ಹೇಳಿದ ಹಾಗಿಲ್ಲ. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ, ರಸ್ತೆಯ ಆ ಬದಿಯಲ್ಲಿ ಬಟ್ಟೆ ಹೊಲಿಯುವವಳಿಗೆ ಪುಟಗಟ್ಟಲೆ ಜಾಗ. ಅದನ್ನು ಬರೆಯುವ ಭಾಗ್ಯ ನನಗೆ. "ಅವರನ್ನ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದಾರೆ, ನಿಮ್ಮ ವಾರಗಿತ್ತಿ ಅಲ್ವಾ" ಎಂದರು. ಬಲ್ಲೆ. ಅದೇ ತೊಂದರೆ.

ಟೇಪಕ್ಕ ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಆರು ವರ್ಷ ದೊಡ್ಡವಳು. ಎದುರಿಗೆ ಸಿಕ್ಕಾಗ "ಅಕ್ಕ, ನೀವು" ಎನ್ನುತ್ತೇನೆ. ಬರೆಯಲು ಕೂತರೆ ಕೈ ತಾನಾಗಿ "ಅವಳು" ಎಂದೇ ಬರೆಯುತ್ತದೆ. ಡಾಕ್ಟರಮ್ಮ ಬೇಕಿದ್ದರೆ ತಿದ್ದಿಕೊಳ್ಳಲಿ. ಬೆಳಗ್ಗೆ ಕೊರಳಿಗೆ ಬಿದ್ದ ಅಳತೆ ಟೇಪು ಮಲಗುವ ತನಕ ಇಳಿಯುವುದಿಲ್ಲ, ಅದಕ್ಕೇ ಆ ಹೆಸರು. ನನಗೂ ಒಂದು ಅಡ್ಡಹೆಸರಿದೆ: ನಂಜಿನ ಸಿಸ್ಟರ್. ಬಸುರಿಯರಿಗೆ ಧನುರ್ವಾಯು ಬರದಿರಲಿ ಎಂದು ಹಾಕುವ ಚುಚ್ಚುಮದ್ದನ್ನು ಇಲ್ಲಿನ ಹಳಬರು ನಂಜಿನ ಸೂಜಿ ಎನ್ನುತ್ತಾರೆ. ತುಕ್ಕು ಮೊಳೆ ತುಳಿದರೆ, ಕೊಳಕು ಬ್ಲೇಡಿನಲ್ಲಿ ಮಗುವಿನ ಹೊಕ್ಕುಳಬಳ್ಳಿ ಕೊಯ್ದರೆ ನಂಜಾಗುತ್ತದಲ್ಲ, ಆ ನಂಜು ಏರದ ಹಾಗೆ ತಡೆಯುವ ಸೂಜಿ. ಅದನ್ನು ಹಾಕುವವಳು ನಂಜಿನ ಸಿಸ್ಟರ್. ಈ ಹೆಸರು ನನಗೆ ಇಷ್ಟವೇ ಆಗಿತ್ತು, ಹೋದ ವರ್ಷದ ತನಕ.

ಅವಳ ಅಂಗಡಿ ಆಸ್ಪತ್ರೆಯ ಗೇಟಿಗೆ ನೇರ ಎದುರು, ಮನೆಯ ಮುಂಗೋಣೆಯಲ್ಲಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಉದ್ದನೆಯ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ, ಅದರ ಮುಂದೆ ಅಗಲವಾದ ಗಿಡ್ಡ ಮಣೆ. ಬಸುರಿಯರ ಗೌನು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಿಲ್ಲ. ಮೂರನೇ ತಿಂಗಳಲ್ಲಿ ಹೊಲಿದ ಗೌನಿನ ಒಳಹೊಲಿಗೆಯಲ್ಲಿ ಎರಡೆರಡು ಇಂಚು ಬಟ್ಟೆ ಬಿಟ್ಟಿರುತ್ತಾಳೆ. ಐದಕ್ಕೆ ಒಂದು ಹೊಲಿಗೆ ಬಿಚ್ಚಿ ಸಡಿಲಿಸುತ್ತಾಳೆ, ಏಳಕ್ಕೆ ಇನ್ನೊಂದು. ಸುತ್ತಳತೆ ಎಷ್ಟೇ ಇರಲಿ, ಅಂಕಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಸರಿಯಾಗಿದೆ" ಎನ್ನುತ್ತಾಳೆ, ಅಷ್ಟೇ. ನನ್ನ ಕೋಣೆಯಲ್ಲಿ ತೂಕದ ಯಂತ್ರ ಹತ್ತಿದವಳ ಕೇಜಿಯನ್ನು ನಾನು ಹೊರಗಿನ ಬೆಂಚಿನವರಿಗೂ ಕೇಳುವಂತೆ ಕೂಗುತ್ತೇನೆ. ಬರೆದುಕೊಳ್ಳುವ ಹೊಸ ಸಿಸ್ಟರಿಗೆ ಕಿವಿ ಸ್ವಲ್ಪ ಮಂದ, ನನ್ನ ತಪ್ಪೇನು?

ಇನ್ನೊಂದು ವಿಷಯ. ಕೆಲಸದ ಹೊತ್ತಿನಲ್ಲಿ ಟೇಪಕ್ಕನ ತುಟಿಗಳ ನಡುವೆ ಎಂಟೋ ಹತ್ತೋ ಗುಂಡುಸೂಜಿ ಇರುತ್ತವೆ. ಅವನ್ನಿಟ್ಟುಕೊಂಡು ಮಾತಾಡಲು ಸಾಧ್ಯವೇ? "ಹ್ಞೂಂ" ಎನ್ನುತ್ತಾಳೆ, "ಊಹೂಂ" ಎನ್ನುತ್ತಾಳೆ. ಮಣೆಯ ಮೇಲೆ ನಿಂತವಳು ತನ್ನಷ್ಟಕ್ಕೆ ಮಾತಾಡುತ್ತ ಹೋಗುತ್ತಾಳೆ: ಅತ್ತೆಯ ಮುನಿಸು, ಗಂಡನ ಗೊರಕೆ, ಕಾಲಿನ ಬಾವು, ಬೆಳಗಿನ ವಾಂತಿ. ಇಳಿದು ಹೋಗುವಾಗ "ಟೇಪಕ್ಕನ ಹತ್ರ ಮಾತಾಡಿದ್ರೆ ಮನಸ್ಸು ಹಗುರಾಗುತ್ತೆ" ಎನ್ನುತ್ತಾಳೆ. ಮಾತಾಡಿದ್ದು ಯಾರು? ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಇವಳ ಮೌನ ಬರೀ ಗುಂಡುಸೂಜಿ. ನಾನು ಬಾಯಿ ನೋಯುವಷ್ಟು ತಿಳಿಸಿ ಹೇಳುತ್ತೇನೆ, ಗೋಡೆಯ ಚಿತ್ರ ತೋರಿಸುತ್ತೇನೆ, ಯಾರ ಮನಸ್ಸೂ ಹಗುರಾದ ಸುದ್ದಿ ಇಲ್ಲ. ಅವಳ ಹತ್ತಿರ ಹೋಗುವುದೂ ಹೊಟ್ಟೆ ಹೊತ್ತವರೇ, ನನ್ನ ಹತ್ತಿರ ಬರುವುದೂ ಹೊಟ್ಟೆ ಹೊತ್ತವರೇ. ಉರಿಯುವುದು ಮಾತ್ರ ನನ್ನ ಹೊಟ್ಟೆ.

ಮಕ್ಕಳಿಲ್ಲದವಳ ಮೇಲೆ ಮಕ್ಕಳಿರುವವಳು ಹೊಟ್ಟೆಕಿಚ್ಚು ಪಟ್ಟಿದ್ದನ್ನು ನೀವು ಕೇಳಿಲ್ಲದಿದ್ದರೆ ನನ್ನನ್ನು ನೋಡಿ. ನನಗೆ ಒಬ್ಬಳೇ ಮಗಳು. ಹೆತ್ತವಳು ನಾನು, ಬೆಳೆದದ್ದು ಟೇಪಕ್ಕನ ಹೊಲಿಗೆ ಯಂತ್ರದ ಕೆಳಗೆ. ನಾನು ಆಸ್ಪತ್ರೆಗೆ ಬರುವಾಗ ಅಲ್ಲಿ ಬಿಟ್ಟು ಬರುತ್ತಿದ್ದೆ. ಕತ್ತರಿಸಿ ಉಳಿದ ಬಟ್ಟೆ ಚೂರುಗಳ ರಾಶಿಯೇ ಅವಳ ಹಾಸಿಗೆ, ಯಂತ್ರದ ಸದ್ದೇ ಜೋಗುಳ. ಸಂಜೆ ಕರೆದುಕೊಂಡು ಹೋಗಲು ಬಂದರೆ ಅಳುತ್ತಿದ್ದಳು. ಬಿಟ್ಟು ಹೋಗುವಾಗ ಅತ್ತಿದ್ದರೆ ನನಗೂ ಒಂದು ಸಮಾಧಾನ ಇರುತ್ತಿತ್ತು. ಶಾಲೆಯ ಅಂಕಪಟ್ಟಿ ಮೊದಲು ದೊಡ್ಡಮ್ಮನಿಗೆ, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಸಿಕ್ಕ ಸುದ್ದಿ ಮೊದಲು ದೊಡ್ಡಮ್ಮನಿಗೆ, ಇಷ್ಟಪಟ್ಟ ಹುಡುಗನ ಫೋಟೋ ಮೊದಲು ದೊಡ್ಡಮ್ಮನಿಗೆ. ಹೋದ ವರ್ಷ ಬಸುರಾದಾಗಲಂತೂ ಟೇಪಕ್ಕ ಅವಳಿಗಿಂತ ಮೊದಲೇ ಕಂಡುಹಿಡಿದಳು. ಅಂಗಿಯ ಅಳತೆ ಕೊಡಲು ಹೋಗಿದ್ದಾಳೆ, ಟೇಪು ಸುತ್ತಿ ನೋಡಿ "ಒಂದ್ಸಲ ಆಸ್ಪತ್ರೆಗೆ ಹೋಗ್ಬಾ" ಎಂದಿದ್ದಾಳೆ. ನಮಗೆ ಪರೀಕ್ಷೆ, ಪಟ್ಟಿ, ಸ್ಕ್ಯಾನು ಎಲ್ಲ ಬೇಕು. ಇವಳಿಗೆ ಅರ್ಧ ಇಂಚು ಸಾಕು.

ಇನ್ನು ಹಳೆಯ ಮಾತು. ಬರೆಯಲು ಮನಸ್ಸಿಲ್ಲ, ಆದರೆ ಅದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ನನ್ನ ಮಗಳಿಗೆ ಒಂದು ವರ್ಷ ತುಂಬಿದ್ದಾಗ ಟೇಪಕ್ಕ ಬಸುರಾದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ. ಐದನೇ ತಿಂಗಳಲ್ಲಿ ನಂಜಿನ ಸೂಜಿ ಹಾಕಿಸಿಕೊಳ್ಳಲು ಬಂದಾಗ ಹಾಕಿದವಳು ನಾನು. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಹನ್ನೊಂದು ದಿನ ಕಳೆದು ಮಗು ಹೋಯಿತು. ಆಗಿನ ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು: ಮಗುವಿನ ಬೆಳವಣಿಗೆ ನಾಲ್ಕೈದು ವಾರ ಹಿಂದೆಯೇ ನಿಂತುಹೋಗಿತ್ತು, ಸೂಜಿಗೂ ಇದಕ್ಕೂ ಸಂಬಂಧವಿಲ್ಲ, ಸೂಜಿ ಹಾಕುವ ಹೊತ್ತಿಗೆ ಅಲ್ಲಿ ಜೀವವೇ ಇರಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ಟೇಪಕ್ಕ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಆಮೇಲೆ ಅವಳು ಆ ವಿಷಯವನ್ನೇ ಎತ್ತಲಿಲ್ಲ. ನನ್ನನ್ನು ಬೈಯಲಿಲ್ಲ, ನಿನ್ನ ತಪ್ಪಲ್ಲ ಎಂದೂ ಅನ್ನಲಿಲ್ಲ. ಇಪ್ಪತ್ಮೂರು ವರ್ಷ. ಮಗಳನ್ನು ಎತ್ತಿಕೊಂಡು ಹೋಗಿ ಅವಳ ಕೈಗೆ ಕೊಟ್ಟೆ, "ನೋಡ್ಕೊಳ್ಳಿ ಅಕ್ಕ" ಎಂದೆ. ಕೆಲಸವಿತ್ತು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನನಗೇ ಗೊತ್ತು. ಯಾರಾದರೂ ಬೀದಿಯಲ್ಲಿ "ಕೈಗುಣ" ಎನ್ನುವ ಮಾತೆತ್ತಿದರೆ ಸಾಕು, ಅವರು ಅಡುಗೆಯ ಕೈಗುಣದ ಮಾತಾಡುತ್ತಿದ್ದರೂ ನಾನು ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಳ್ಳತನ ಮಾಡದೆಯೂ.

ಹೋದ ವರ್ಷ ಆಸ್ಪತ್ರೆಗೆ ಸುಣ್ಣಬಣ್ಣ ಆಯಿತು. ಹಳೆಯ ಫಲಕಗಳನ್ನೆಲ್ಲ ಕಿತ್ತರು. ಹೊಸದು ಬರಲು ತಡವಾಗುತ್ತದೆ ಎಂದು ನಾನೇ ಒಂದು ರಟ್ಟಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಬಾಗಿಲಿಗೆ ಹಾಕಿದೆ: "ನಂಜಿನ ಸೂಜಿ ಕೋಣೆ. ಬಸುರಿಯರಿಗೆ ಮಾತ್ರ." ಧನುರ್ವಾಯು, ಲಸಿಕೆ ಎಂದೆಲ್ಲ ಬರೆದರೆ ಯಾರಿಗೆ ತಿಳಿಯುತ್ತದೆ, ಜನ ಆಡುವ ಮಾತಿನಲ್ಲೇ ಇರಲಿ ಎಂದುಕೊಂಡೆ. ಅಕ್ಷರ ದುಂಡಗೆ ಬಂದಿದೆ ಎಂದು ಡಾಕ್ಟರಮ್ಮ ಹೊಗಳಿದರು ಕೂಡ.

ಅದೇ ವರ್ಷ ನನ್ನ ಕೋಣೆಗೆ ಬರುವವರು ಕಡಿಮೆಯಾದರು. ಆಸ್ಪತ್ರೆಯ ಹಿಂದೆ ಹೊಸ ಬಡಾವಣೆ ಎದ್ದಿತ್ತು, ಬೇರೆ ಬೇರೆ ಊರಿನಿಂದ ಬಂದು ನೆಲೆಸಿದ ಚಿಕ್ಕ ವಯಸ್ಸಿನ ಸಂಸಾರಗಳು. ಬಸುರಿಯರಿಗೇನೂ ಬರವಿರಲಿಲ್ಲ. ಡಾಕ್ಟರಮ್ಮನ ಹತ್ತಿರ ತೋರಿಸಿಕೊಳ್ಳುತ್ತಾರೆ, ಚೀಟಿ ಹಿಡಿದು ನನ್ನ ಕೋಣೆಯ ಬಾಗಿಲ ತನಕ ಬರುತ್ತಾರೆ, ನಿಂತು ನೋಡುತ್ತಾರೆ, ತಿರುಗಿ ಹೋಗುತ್ತಾರೆ. ಕಿಟಕಿಯಿಂದ ನೋಡಿದರೆ ಗೇಟು ದಾಟಿ ಎಲ್ಲಿಗೆ ಹೋಗುತ್ತಾರೆ ಗೊತ್ತಾ? ಟೇಪಕ್ಕನ ಅಂಗಡಿಗೆ.

ಬೆಂಚಿನ ಮೇಲಿನ ಗಾಳಿಮಾತುಗಳು ನನ್ನ ಕಿವಿಗೂ ಬೀಳುತ್ತಿದ್ದವು. ಸೂಜಿ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವಂತೆ. ಮಗು ಕಪ್ಪಾಗುತ್ತದಂತೆ. ತೋಳಿಗೆ ಹಾಕಿದ್ದು ನೇರ ಮಗುವಿನ ತಲೆಗೆ ಇಳಿಯುತ್ತದಂತೆ. ಒಬ್ಬಳಿಗೆ ನಾನು ಕಾಲು ಗಂಟೆ ಪಾಠ ಮಾಡಿದೆ: ತೋಳು ಎರಡು ದಿನ ನೋಯುತ್ತೆ, ಒಂದೊಂದು ಸಲ ಮೈ ಬೆಚ್ಚಗಾಗುತ್ತೆ, ಅಷ್ಟು ಬಿಟ್ಟರೆ ಇದರಿಂದ ತಾಯಿಗೂ ಮಗುವಿಗೂ ಒಳ್ಳೆಯದೇ, ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲಿ ಇದೇ ರಕ್ಷಣೆ. ಅವಳು ತಲೆಯಾಡಿಸಿ ಎಲ್ಲ ಕೇಳಿ, "ಟೇಪಕ್ಕನ್ನ ಒಂದು ಮಾತು ಕೇಳ್ಕೊಂಡ್ ಬರ್ತೀನಿ" ಎಂದು ಎದ್ದಳು. ಮೈಯೆಲ್ಲ ಉರಿದುಹೋಯಿತು. ಸೂಜಿಯ ವಿಷಯ ಕೇಳಲು ದರ್ಜಿಯ ಹತ್ತಿರ ಹೋಗುವುದಾದರೆ ನಾನು ಇಲ್ಲಿ ಗುಂಡಿ ಹೊಲಿಯಲು ಕೂತಿದ್ದೀನಾ?

ಅವಳೇ ಇವರ ತಲೆ ಕೆಡಿಸುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಇಪ್ಪತ್ಮೂರು ವರ್ಷ ಒಳಗಿಟ್ಟುಕೊಂಡಿದ್ದನ್ನು ಈಗ ಒಬ್ಬೊಬ್ಬರ ಕಿವಿಯಲ್ಲಿ ಹೇಳಿ ತೀರಿಸಿಕೊಳ್ಳುತ್ತಿದ್ದಾಳೆ. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಹೇಗೆ ಹೇಳುತ್ತಾಳೆ ಎಂದು ಯೋಚಿಸಲಿಲ್ಲ. ಹೊಟ್ಟೆಕಿಚ್ಚು ಬಂದಾಗ ಯೋಚನೆ ಬರುವುದಿಲ್ಲ, ಎರಡಕ್ಕೂ ಒಟ್ಟಿಗೆ ಜಾಗವಿಲ್ಲ.

ಬಂದ ಕೆಲವರ ಬಗ್ಗೆ ಒಂದು ಸಣ್ಣ ಸಂಗತಿ ಕಂಡಿದ್ದೆ. ಮೊದಲೆಲ್ಲ ಬಿಗಿ ತೋಳಿನ ಅಂಗಿಗಳ ಜೊತೆ ಕುಸ್ತಿಯಾಡಿ ಮೇಲಕ್ಕೆ ಸರಿಸಬೇಕಾಗುತ್ತಿತ್ತು. ಈಗ ಬರುವವರ ಎಡತೋಳಿನ ಹೊಲಿಗೆ ಭುಜದ ಹತ್ತಿರ ಬಿಚ್ಚಿರುತ್ತಿತ್ತು, ಅಲ್ಲಿ ಮೂರು ಟಿಚ್ ಬಟನ್. ಎಳೆದರೆ ಟಕ್ಕೆಂದು ತೆರೆಯುತ್ತದೆ, ಸೂಜಿ ಹಾಕಿ ಒತ್ತಿದರೆ ಮುಚ್ಚುತ್ತದೆ. ಏನೋ ಹೊಸ ಫ್ಯಾಷನ್ ಇರಬೇಕು, ನನ್ನ ಕೆಲಸಕ್ಕೆ ಅನುಕೂಲವಾಯಿತು ಎಂದುಕೊಂಡು ಮರೆತೆ.

ಇಷ್ಟರಲ್ಲಿ ನನ್ನ ಮಗಳಿಗೆ ಆರು ತಿಂಗಳು ತುಂಬಿ ಏಳು ಹಿಡಿಯಿತು. ಒಂದು ಸೂಜಿಯೂ ಆಗಿರಲಿಲ್ಲ. "ನಾಳೆ ಬರ್ತೀನಮ್ಮ" ಎನ್ನುವಳು, ನಾಳೆ ಬಂದರೆ ರಜೆ ಸಿಕ್ಕಲಿಲ್ಲ ಎನ್ನುವಳು, ರಜೆ ಸಿಕ್ಕರೆ ನೆಗಡಿ ಎನ್ನುವಳು. ಊರಿನ ಬಸುರಿಯರಿಗೆಲ್ಲ ಸೂಜಿ ಹಾಕುವವಳ ಮಗಳಿಗೇ ಸೂಜಿ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಬೇರೆಯವರಿಗೆ ಹೇಳಿ ನಕ್ಕಿದ್ದೆ, ಈಗ ನಾನೇ ಹಿತ್ತಲ ಗಿಡ. ನನ್ನ ಕೈಯಲ್ಲಿ ಎಷ್ಟೋ ವರ್ಷದ ಹಿಂದೆ ಧನುರ್ವಾಯುವಿನಿಂದ ಸೆಟೆದುಕೊಂಡ ಒಂದು ಕೂಸು ಹೋಗಿದೆ. ಎಂಟು ದಿನದ ಮಗು, ಬಾಯಿ ತೆರೆಯಲಾಗದೆ ಹಾಲು ಬಿಟ್ಟಿತ್ತು. ಅದರ ಮುಖ ನನ್ನ ಮಗಳ ಹೊಟ್ಟೆ ನೋಡಿದಾಗಲೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಹೆದರಿಕೆಯನ್ನು ಹೆದರಿಕೆಯಾಗಿ ತೋರಿಸಲು ನನಗೆ ಬರುವುದಿಲ್ಲ. ಅದು ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗಿರುತ್ತದೆ.

ಒಂದು ಮಂಗಳವಾರ ಮಗಳಿಗೆ ರಜೆ. ಹನ್ನೊಂದಕ್ಕೆ ಬರುತ್ತೇನೆಂದಿದ್ದಳು. ಹನ್ನೊಂದೂವರೆಗೆ ಕಿಟಕಿಯಿಂದ ನೋಡಿದೆ. ಗೇಟಿನ ತನಕ ಬಂದಳು, ಒಂದು ಕ್ಷಣ ನಿಂತಳು, ತಿರುಗಿ ರಸ್ತೆ ದಾಟಿ ಟೇಪಕ್ಕನ ಅಂಗಡಿಗೆ ಹೋದಳು. ನನ್ನ ಪಿತ್ತ ನೆತ್ತಿಗೇರಿತು. ಔಷಧಿಯ ಪೆಟ್ಟಿಗೆ ಮುಚ್ಚಿ, ಹೊಸ ಸಿಸ್ಟರಿಗೆ ಕೋಣೆ ನೋಡಿಕೊಳ್ಳಲು ಹೇಳಿ, ಏಪ್ರನ್ನಿನಲ್ಲೇ ರಸ್ತೆ ದಾಟಿದೆ.

ಮಗಳು ಮಣೆಯ ಮೇಲೆ ನಿಂತಿದ್ದಳು. ಟೇಪಕ್ಕ ಅವಳ ಹಿಂದೆ ನಿಂತು ಎಡಭುಜದ ಮೇಲೆ ಸೀಮೆಸುಣ್ಣದಲ್ಲಿ ಏನೋ ಗುರುತು ಹಾಕುತ್ತಿದ್ದಳು. ಬಾಯಿ ತುಂಬ ಗುಂಡುಸೂಜಿ. ಕನ್ನಡಿಯಲ್ಲಿ ಮೂವರ ಮುಖವೂ ಕಾಣುತ್ತಿತ್ತು, ಅದರಲ್ಲಿ ನನ್ನದೇ ಕೆಟ್ಟದಾಗಿತ್ತು.

"ಊರಿನ ಹೊಟ್ಟೆಗಳನ್ನೆಲ್ಲ ನಿನ್ನ ಕಡೆ ತಿರುಗಿಸ್ಕೊಂಡಿದ್ದು ಸಾಲ್ದಾ?" ಎಂದೆ. "ನನ್ನ ಮಗಳ ಹೊಟ್ಟೇನೂ ಬೇಕಾ ನಿನಗೆ? ನಿನಗಾಗ್ಲಿಲ್ಲ ಅಂತ ಯಾರಿಗೂ ಆಗ್ಬಾರ್ದಾ?"

ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವಳನ್ನು ನೀನು ಎಂದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡೂ ಅವತ್ತು ಒಟ್ಟಿಗೇ ಆಯಿತು. ಮಗಳು "ಅಮ್ಮ" ಎಂದು ಮಣೆಯಿಂದ ಇಳಿಯಲು ಹೋದಳು. ಟೇಪಕ್ಕ ಅವಳ ಸೊಂಟಕ್ಕೆ ಕೈಕೊಟ್ಟು ಜಾರದಂತೆ ಇಳಿಸಿದಳು. ಆಮೇಲೆ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿನ ಪುಟ್ಟ ದಿಂಬಿಗೆ ಚುಚ್ಚಿದಳು. ಒಂಬತ್ತು. ನಾನು ಎಣಿಸಿದೆ.

"ಮೊದಲು ಆ ರಟ್ಟು ಕಿತ್ತು ಹಾಕು" ಎಂದಳು.

"ಯಾವ ರಟ್ಟು?"

"ನಿನ್ನ ಬಾಗಿಲಿಗೆ ನೇತುಹಾಕಿದೀಯಲ್ಲ, ಕೆಂಪಕ್ಷರದಲ್ಲಿ. ಆ ಹೊಸ ಬಡಾವಣೆ ಹುಡುಗೀರಿಗೆ ನಂಜು ಅಂದ್ರೆ ವಿಷ ಕಣೇ. ಅವರ ಊರ ಕಡೆ ಅಷ್ಟೇ ಅರ್ಥ. ವಿಷದ ಸೂಜಿ ಕೋಣೆ, ಬಸುರಿಯರಿಗೆ ಮಾತ್ರ ಅಂತ ಬರ್ಕೊಂಡು ಕೂತಿದೀಯ, ಯಾರು ಒಳಗೆ ಬರ್ತಾರೆ? ಮೊದಲನೇ ಹುಡುಗಿ ನಡುಗ್ತಾ ನನ್ನ ಹತ್ರ ಬಂದ್ಲು. ನಂಜಿನ ಸಿಸ್ಟರ್ ಅಂತ ಒಬ್ರು ಇದಾರಂತೆ, ಅವರಿಂದ ಹೇಗೆ ತಪ್ಪಿಸ್ಕೊಳ್ಳೋದು ಅಂತ ಕೇಳಿದ್ಲು."

ಅಕ್ಷರ ದುಂಡಗಿದೆ ಎಂದು ಬೀಗಿದ್ದು ನೆನಪಾಯಿತು.

"ತಲೆನೋವಿನ ಮಾತ್ರೆ ತಿಂದ್ರೆ ತಲೆನೋವು ಬರುತ್ತಾ ಅಂತ ಕೇಳ್ದೆ ನಾನು" ಎಂದು ಅವಳು ಮುಂದುವರಿಸಿದಳು. "ಇದೂ ಹಾಗೇ, ನಂಜು ತಡೆಯೋ ಸೂಜಿ ಅಂದೆ. ಮಗು ಹುಟ್ಟೋ ಮೊದಲೇ ಯಾಕೆ ಅಂದ್ಲು. ಮೂರನೇ ತಿಂಗಳಲ್ಲೇ ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿರ್ತೀನಲ್ಲ, ಯಾಕೆ, ಏಳನೇ ತಿಂಗಳಲ್ಲಿ ಬಟ್ಟೆ ಹುಡುಕ್ಕೊಂಡು ಹೋದ್ರೆ ಸಿಗಲ್ಲ ಅಂತ. ಇದೂ ಹಾಗೇ, ಮಗೂಗೆ ಅಂತ ಈಗ್ಲೇ ಒಳಗೆ ಬಿಡೋದು ಅಂದೆ. ಅದು ಅವಳಿಗೆ ಹಿಡಿಸ್ತು. ಎಡತೋಳಿಗೆ ಟಿಚ್ ಬಟನ್ ಇಟ್ಟು ಕಳ್ಸಿದೆ. ಬಟನ್ ಇಟ್ಮೇಲೆ ಸೂಜಿ ಹಾಕಿಸ್ಕೊಳ್ಳದೆ ವಾಪಸ್ ಬಂದೋಳು ಒಬ್ಬಳೂ ಇಲ್ಲ."

ಆ ವರ್ಷ ನನ್ನ ಕೋಣೆಗೆ ಬಂದ ಹೊಸ ಬಡಾವಣೆಯ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿದೆ. ಒಬ್ಬೊಬ್ಬರ ಎಡತೋಳಲ್ಲೂ ಮೂರು ಟಿಚ್ ಬಟನ್. ಬಟನ್ ಇಲ್ಲದ ತೋಳು ಒಂದೂ ನೆನಪಾಗಲಿಲ್ಲ. ನನ್ನ ಹತ್ತಿರ ಬಂದವರೆಲ್ಲ ಅವಳು ಕಳಿಸಿದವರು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಸುಳ್ಳು ಯಾಕೆ ಹೇಳಲಿ, ಮೊದಲು ಆದದ್ದು ಹೊಟ್ಟೆಕಿಚ್ಚೇ. ಎರಡು ಇಂಚು ಬಟ್ಟೆಯ ಆ ಮಾತು ಇಪ್ಪತ್ತೈದು ವರ್ಷದಲ್ಲಿ ನನಗೆ ಯಾಕೆ ಹೊಳೆಯಲಿಲ್ಲ?

"ಹಾಗಿದ್ರೆ ಇವಳ್ಯಾಕೆ ಬರ್ಲಿಲ್ಲ?" ಎಂದೆ, ಮಗಳ ಕಡೆ ಕೈ ತೋರಿಸಿ. "ಇವಳಿಗೂ ನಂಜು ಅಂದ್ರೆ ಏನು ಅಂತ ಗೊತ್ತಿಲ್ವಾ?"

ಮಗಳು ಮೇಜಿನ ಅಂಚು ಹಿಡಿದು ನಿಂತಿದ್ದಳು. "ಸೂಜಿಗೆ ನನಗೆ ಹೆದರಿಕೆ ಇಲ್ಲಮ್ಮ" ಎಂದಳು.

"ಮತ್ತೆ?"

"ನಿನ್ನ ಕೈಗೆ."

ಅವಳು ಕಣ್ಣೆತ್ತದೆ ಹೇಳಿದಳು. "ನಾನು ಆರೇಳು ವರ್ಷದೋಳು, ಇದೇ ಮಿಷಿನ್ ಕೆಳಗೆ ಕೂತಿದ್ದೆ. ಬಟ್ಟೆ ಕೊಡೋಕೆ ಬಂದ ಹೆಂಗಸ್ರು ಮಾತಾಡ್ತಿದ್ರು. ಆ ಸಿಸ್ಟರ್ ಕೈಗುಣ ಒಳ್ಳೇದಲ್ಲ, ಓರಗಿತ್ತಿ ಮಗೂನೇ ತೆಗೆದ್ಲು ಅಂದ್ರು. ನಾನು ದೊಡ್ಡಮ್ಮನ ಮುಖ ನೋಡ್ದೆ. ದೊಡ್ಡಮ್ಮ ಇಲ್ಲ ಅನ್ಲಿಲ್ಲ. ಸುಳ್ಳು ಅಂತ ನನಗೆ ಈಗ ಗೊತ್ತು, ಓದ್ಕೊಂಡಿದೀನಿ. ಆದ್ರೂ ಗೇಟ್ ಹತ್ರ ಬಂದ್ರೆ ಕಾಲು ಮುಂದೆ ಹೋಗಲ್ಲ."

ಹೆತ್ತ ಮಗಳು ಹದಿನೆಂಟು ವರ್ಷ ಇದನ್ನು ಹೊತ್ತುಕೊಂಡು ನನ್ನ ಕೈಯಲ್ಲೇ ಊಟ ಮಾಡಿದ್ದಾಳೆ, ನನ್ನ ಕೈಯಲ್ಲೇ ಜಡೆ ಹಾಕಿಸಿಕೊಂಡಿದ್ದಾಳೆ. ನಾನು ಅಲ್ಲೇ ಇದ್ದ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟೆ.

"ನನ್ನ ಬಾಯಲ್ಲಿ ಸೂಜಿ ಇತ್ತು ಅಂತ ಇಷ್ಟು ದಿನ ನನಗೆ ನಾನೇ ಹೇಳ್ಕೊಂಡಿದ್ದೆ" ಎಂದಳು ಟೇಪಕ್ಕ, ಮಗಳಿಗೂ ಅಲ್ಲದೆ ನನಗೂ ಅಲ್ಲದೆ ಕನ್ನಡಿಗೆ. "ಇರ್ಲಿಲ್ಲ. ಆವತ್ತು ಬಾಯಲ್ಲಿ ಒಂದು ಗುಂಡುಸೂಜೀನೂ ಇರ್ಲಿಲ್ಲ. ಇಲ್ಲ, ಹಾಗಲ್ಲ ಅನ್ಬೋದಿತ್ತು. ಅನ್ಲಿಲ್ಲ."

"ದೊಡ್ಡ ಡಾಕ್ಟ್ರು ಹೇಳಿದ್ದು ನಿಮಗೆ ಕೇಳಿಸಿತ್ತಾ?" ಎಂದೆ. ನೀವು ಎನ್ನುವುದು ವಾಪಸ್ ಬಂದಿತ್ತು.

"ಒಂದೊಂದು ಅಕ್ಷರಾನೂ ಕೇಳಿಸ್ತು. ಸೂಜಿ ಏನೂ ಮಾಡ್ಲಿಲ್ಲ ಅಂತ ಆವತ್ತೇ ಗೊತ್ತು ನನಗೆ. ನೀನು ಬಾಗಿಲಲ್ಲಿ ನಿಂತಿದ್ದೂ ಗೊತ್ತು."

"ಮತ್ತೆ ನನಗೆ ಒಂದು ಮಾತು ಹೇಳ್ಬೋದಿತ್ತಲ್ಲ ಅಕ್ಕ. ಇಪ್ಪತ್ಮೂರು ವರ್ಷ."

ಅವಳು ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದಳು. ಹಗಲಲ್ಲಿ ಅವಳ ಕೊರಳು ಬರಿದಾಗಿದ್ದನ್ನು ನಾನು ನೋಡಿದ್ದು ಅವತ್ತೇ.

"ನಿನ್ನ ಕಂಕುಳಲ್ಲಿ ಮಗು ಇತ್ತು ಕಣೇ" ಎಂದಳು. "ಒಂದು ವರ್ಷದ್ದು, ಗುಂಡು ಗುಂಡಗೆ. ನೀನು ಅದನ್ನ ಎತ್ಕೊಂಡು ಬಂದು ನನ್ನ ಮಂಚದ ಹತ್ರ ನಿಂತಿದ್ದೆ, ಸಮಾಧಾನ ಮಾಡೋಕೆ. ನನಗೆ ಎಂಥ ಹೊಟ್ಟೆಕಿಚ್ಚು ಬಂತು ಅಂತೀಯ. ಇವಳಿಗೆ ಎಲ್ಲಾ ಇದೆ, ನಿದ್ದೇನಾದ್ರೂ ಇಲ್ದೇ ಇರ್ಲಿ ಅನ್ನಿಸ್ತು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ಅಷ್ಟರಲ್ಲಿ ನೀನೇ ಇವಳನ್ನ ತಂದು ನನ್ನ ಕೈಗೆ ಕೊಟ್ಟೆ. ಹೇಳ್ಬಿಟ್ರೆ ವಾಪಸ್ ತಗೊಂಡು ಹೋಗ್ತೀಯೇನೋ ಅಂತ ಹೆದರ್ಕೊಂಡೆ."

ಮಗಳು ಅಳುತ್ತಿದ್ದಳು. ನಾನು ಅಳಲಿಲ್ಲ. ನನಗೆ ಏನನ್ನಿಸಿತು ಎಂದು ನೇರವಾಗಿ ಬರೆಯುತ್ತೇನೆ, ಸ್ಮರಣ ಸಂಚಿಕೆಯಲ್ಲಿ ಹಾಕುವುದು ಬಿಡುವುದು ಅವರಿಗೆ ಬಿಟ್ಟಿದ್ದು. ಮೊದಲು ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆಮೇಲೆ, ಅಬ್ಬಾ, ಇವಳಿಗೂ ಇತ್ತಲ್ಲ ಎಂದು ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟು ವರ್ಷ ನಾನೊಬ್ಬಳೇ ನಂಜು ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಒಂದೇ ಮನೆಗೆ ಬಂದ ಸೊಸೆಯರು, ಅದನ್ನೂ ಸಮನಾಗಿ ಹಂಚಿಕೊಂಡಿದ್ದೆವು.

ಟೇಪಕ್ಕ ಮಗಳನ್ನು ಎದುರಿಗೆ ಕೂರಿಸಿಕೊಂಡಳು. "ನೋಡು ಪುಟ್ಟಿ" ಎಂದಳು. "ನಿನ್ನಮ್ಮನ ಕೈ ನನ್ನ ಮಗೂನ ಮುಟ್ಟಲೇ ಇಲ್ಲ. ಅವಳು ಮುಟ್ಟೋ ಹೊತ್ತಿಗೆ ಅಲ್ಲಿ ಮಗು ಇರ್ಲಿಲ್ಲ. ನಾನು ಸುಮ್ಮನಿದ್ದೆ, ಅದೊಂದೇ ಆಗಿದ್ದು. ತಪ್ಪು ಇದ್ರೆ ನನ್ನ ಬಾಯೀದು, ಅವಳ ಕೈದಲ್ಲ."

ಮಗಳು ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ನಾನೂ ಬಾ ಎನ್ನಲಿಲ್ಲ. ಆಸ್ಪತ್ರೆಗೆ ವಾಪಸ್ ಬಂದು ರಟ್ಟನ್ನು ಕಿತ್ತು ಹರಿದು ಬುಟ್ಟಿಗೆ ಹಾಕಿದೆ. ಆ ಜಾಗದಲ್ಲಿ ಈಗ "ತಾಯಿ ಮಗುವಿನ ಕಾವಲು ಸೂಜಿ" ಎಂದಿದೆ. ಆ ಹೆಸರು ಟೇಪಕ್ಕನದು ಎಂದು ನಾನು ಹೇಳಬೇಕಾಗಿಲ್ಲ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ನಾನು ಇನ್ನೂ ಪೆಟ್ಟಿಗೆಯಲ್ಲಿ ಔಷಧಿ ಜೋಡಿಸುತ್ತಿದ್ದೆ. ಬಾಗಿಲಲ್ಲಿ ಇಬ್ಬರು. ಮಗಳು ಹೊಸ ಗೌನು ಹಾಕಿದ್ದಳು, ಎಡತೋಳಲ್ಲಿ ಮೂರು ಟಿಚ್ ಬಟನ್. ಟೇಪಕ್ಕ ಆ ಕೋಣೆಯ ಹೊಸ್ತಿಲು ದಾಟಿ ಇಪ್ಪತ್ಮೂರು ವರ್ಷವಾಗಿತ್ತು. ಒಳಗೆ ಬಂದವಳೇ ಗೋಡೆ, ಕಿಟಕಿ, ಮಂಚ ಎಲ್ಲ ಒಮ್ಮೆ ನೋಡಿ, ಮಗಳ ಬಲಗಡೆಯ ಸ್ಟೂಲಿನ ಮೇಲೆ ಕೂತಳು. ಮಗಳು ಅವಳ ಕೈ ಹಿಡಿದುಕೊಂಡಳು. ದೊಡ್ಡಮ್ಮನ ಕೈ, ಮತ್ತಿನ್ಯಾರದು.

ನಾನು ಪಕ್ಕದ ಕೋಣೆಯಿಂದ ಹೊಸ ಸಿಸ್ಟರನ್ನು ಕರೆದೆ. "ಇವಳಿಗೆ ನೀವೇ ಹಾಕ್ಬಿಡಿ" ಎಂದೆ. ಅವರು ಕೈ ತೊಳೆದುಕೊಂಡು ಬಂದರು. ನಾನು ಸಿರಿಂಜನ್ನು ಅವರ ಕಡೆ ಚಾಚಿದೆ. ಹೆದರುವ ಬಸುರಿಯ ಎದುರು ಹಟ ಮಾಡಬಾರದು, ಸೂಜಿ ಬೀಳುವುದು ಮುಖ್ಯ, ಯಾರ ಕೈ ಎನ್ನುವುದಲ್ಲ. ಇದನ್ನು ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೇನೆ.

"ಅವರಲ್ಲ" ಎಂದಳು ಮಗಳು. "ಅಮ್ಮ, ನೀನೇ ಹಾಕು."

ಬಟನ್ ತೆರೆದೆ, ಹತ್ತಿಯಲ್ಲಿ ಒರೆಸಿದೆ. ಉಸಿರು ಬಿಡು ಎಂದೆ, ನಾನೂ ಬಿಟ್ಟೆ. ಅವಳು ಮುಖ ತಿರುಗಿಸಲಿಲ್ಲ, ಸೂಜಿ ಒಳಗೆ ಹೋಗುವುದನ್ನೂ ನನ್ನ ಬೆರಳುಗಳನ್ನೂ ನೋಡುತ್ತಲೇ ಇದ್ದಳು. "ಆಯ್ತಾ? ಗೊತ್ತೇ ಆಗ್ಲಿಲ್ಲ" ಎಂದಳು. ಈ ಮಾತನ್ನು ಸಾವಿರ ಜನ ಹೇಳಿದ್ದಾರೆ. ನನಗೆ ಕೇಳಿಸಿದ್ದು ಅವತ್ತೇ ಮೊದಲು.

ಸಿರಿಂಜನ್ನು ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು, ಅವಳ ತೋಳು ಮುಚ್ಚೋಣ ಎಂದು ತಿರುಗಿದೆ. ಅಷ್ಟರಲ್ಲಿ ಟೇಪಕ್ಕ ಬಗ್ಗಿ ಮೂರೂ ಬಟನ್ ಟಕ್ ಟಕ್ ಟಕ್ ಎಂದು ಒತ್ತಿ ಮುಗಿಸಿದ್ದಳು. ಅದೊಂದನ್ನಾದರೂ ನನಗೆ ಬಿಡಬಹುದಿತ್ತು.